ಮಗ್ಗದ ಮನೆ, ಶಾಲೆಯ ಸಭೆ: ಕಾಶಿಯ ಶಿವಾಲ ಪರಿಸರದಲ್ಲಿ ಕುಟುಂಬ ಮತ್ತು ಕಲಿಕೆ

ಮಕ್ಕಳ ಕಲಿಕೆಯಲ್ಲಿ ಕುಟುಂಬ ಪಾಲ್ಗೊಳ್ಳಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಪಾಲ್ಗೊಳ್ಳುವುದೆಂದರೆ ಏನು ಮಾಡುವುದು ಎಂದು ಕೇಳಿದರೆ ಮಾತ್ರ ನಮ್ಮ ಶಿಕ್ಷಣ ಇಲಾಖೆಗಳಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಸಮಿತಿ ರಚಿಸುವುದು, ಸಭೆ ಕರೆಯುವುದು. ಈ ಉತ್ತರ ಯಾಕೆ ಸಾಲದು ಎಂಬುದನ್ನು ಕಾಶಿಯ ಶಿವಾಲ ಪರಿಸರವನ್ನು ಎದುರಿಗಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇನೆ. ಶಾಲೆಯು ಮೊದಲು ಕುಟುಂಬದ ದುಡಿಮೆಯನ್ನೂ ಆ ದುಡಿಮೆಯೊಳಗಿನ ಅರಿವನ್ನೂ ತಾನು ಕಲಿಯಬೇಕು, ಆಮೇಲೆ ಆ ಕುಟುಂಬದ ಕೈಗೆ ಚಿಕ್ಕದಾದ, ಖಚಿತವಾದ ಕೆಲಸವೊಂದನ್ನು ಕೊಡಬೇಕು ಎಂಬುದು ನನ್ನ ವಾದ.

1781ರಲ್ಲಿ ರಾಜಾ ಚೇತ್ ಸಿಂಗ್ ವಾರೆನ್ ಹೇಸ್ಟಿಂಗ್ಸ್‌ನ ಕೈಗೆ ಸಿಗದೆ ಪಾರಾದ ಕೋಟೆ ಶಿವಾಲದ ಗಂಗಾತೀರದಲ್ಲೇ ಇದೆ. ಅದರ ದಕ್ಷಿಣಕ್ಕೆ ದೋಣಿ ನಡೆಸುವವರ ನಿಷಾದ ಘಾಟ್. ಉತ್ತರಕ್ಕೆ ದಕ್ಷಿಣ ಭಾರತದ ಮನೆತನಗಳು ನೆಲೆಸಿರುವ ಹನುಮಾನ್ ಘಾಟ್, ಅದಕ್ಕೆ ಹೊಂದಿಕೊಂಡಂತೆ ಕರ್ನಾಟಕ ಘಾಟ್. ಕನ್ನಡದ ಯಾತ್ರಿಕರಿಗೆ ಈ ಮೆಟ್ಟಿಲುಗಳೂ ಜಂಗಮವಾಡಿ ಮಠವೂ ಚೆನ್ನಾಗಿ ಗೊತ್ತು. ನದಿಗೆ ಬೆನ್ನು ಮಾಡಿ ಮದನಪುರ, ರೇವಡಿ ತಾಲಾಬ್‌ಗಳ ಓಣಿಗಳಿಗೆ ಹೊಕ್ಕವರು ಕಡಿಮೆ. ಅಲ್ಲಿರುವುದು ಬನಾರಸಿ ಸೀರೆ ನೇಯುವ ಅನ್ಸಾರಿ ಕುಟುಂಬಗಳು. ದೋಣಿಯವರು, ನೇಕಾರರು, ಪುರೋಹಿತರು, ಸಣ್ಣ ಅಂಗಡಿಯವರು ಇಷ್ಟು ಹತ್ತಿರ ಬದುಕುವ ಕಡೆ ‘ಪಾಲಕರು’ ಎಂಬ ಒಂದೇ ಪದದಡಿ ಎಲ್ಲರನ್ನೂ ಸೇರಿಸಿ ಸಭೆಯ ನೋಟಿಸು ಕಳಿಸಿದರೆ ಅದು ಯಾರಿಗೂ ಸರಿಯಾಗಿ ತಲುಪುವುದಿಲ್ಲ.

ನೇಕಾರರ ಮನೆಯನ್ನೇ ನೋಡೋಣ. ಕೈಮಗ್ಗ ಕೂರುವುದು ನೆಲದಲ್ಲಿ ತೋಡಿದ ಗುಂಡಿಯ ಮೇಲೆ. ಹೆಂಗಸರು, ಮಕ್ಕಳು ಕಂಡಿಕೆ ಸುತ್ತುತ್ತಾರೆ, ನೂಲು ಬಿಡಿಸುತ್ತಾರೆ. ಗಂಡಸು ಲಾಳಿ ಹೊಡೆಯುತ್ತಾನೆ. ಸೀರೆಯ ಬುಟ್ಟಾ, ಬಳ್ಳಿ, ಸೆರಗಿನ ಚಿತ್ತಾರ ಮೊದಲು ಮೂಡುವುದು ಗ್ರಾಫ್ ಹಾಳೆಯ ಮೇಲೆ. ನಕ್ಷಾಬಂದ್ ಎಂದು ಕರೆಸಿಕೊಳ್ಳುವ ಕುಶಲಕರ್ಮಿ ಚೌಕಗಳನ್ನು ಎಣಿಸಿ ಬಣ್ಣ ತುಂಬುತ್ತಾನೆ. ಯಾವ ಸಾಲಿನಲ್ಲಿ ಹಾಸಿನ ಯಾವ ಎಳೆ ಮೇಲೇಳಬೇಕು ಎಂಬುದು ಆ ಚೌಕಗಳಲ್ಲೇ ತೀರ್ಮಾನವಾಗುತ್ತದೆ. ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ; ಪಟ್ಟಿಗಳ ಸರ ಜಕಾರ್ಡ್ ಯಂತ್ರದ ಮೇಲೆ ತಿರುಗುತ್ತದೆ. ಸಾಲು, ಕಂಬಸಾಲು, ಮರುಕಳಿಸುವ ವಿನ್ಯಾಸ, ಸಮಮಿತಿ, ಅನುಪಾತ: ಮಧ್ಯಮ ಶಾಲೆಯ ಗಣಿತದ ಎಷ್ಟೋ ಪಾಠಗಳು ಆ ಒಂದು ಹಾಳೆಯಲ್ಲಿವೆ. ಆ ಮನೆಯ ಹುಡುಗಿ ಶಾಲೆಯಲ್ಲಿ ಗ್ರಾಫ್ ಹಾಳೆಯನ್ನು ಮೊದಲ ಸಲ ಕಾಣುತ್ತಿರುವವಳಂತೆ ಕುಳಿತಿದ್ದರೆ, ಅವಳ ಅಪ್ಪನಿಗೆ ಏನು ಗೊತ್ತಿದೆ ಎಂದು ಶಾಲೆ ಯಾವತ್ತೂ ಕೇಳಿಲ್ಲ ಎಂದೇ ಅರ್ಥ.

ಬನಾರಸಿನ ಶಿಕ್ಷಣದ ಇತಿಹಾಸವನ್ನು ಈ ಕೋನದಿಂದ ಗಂಭೀರವಾಗಿ ನೋಡಿದವರು ಇತಿಹಾಸಕಾರ್ತಿ ನೀತಾ ಕುಮಾರ್. 1988ರಲ್ಲಿ ಇಲ್ಲಿನ ಕುಶಲಕರ್ಮಿಗಳ ಬಗ್ಗೆ, 2000ರಲ್ಲಿ ಇಲ್ಲಿನ ಶಾಲೆಗಳ ಇತಿಹಾಸದ ಬಗ್ಗೆ ಬಂದ ಅವರ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯೂ ಒಂದು ಶಿಕ್ಷಣ ಸಂಸ್ಥೆ. ಅದಕ್ಕೂ ಪಠ್ಯಕ್ರಮವಿದೆ, ಗುರುವಿದ್ದಾನೆ. ವಸಾಹತು ಕಾಲದ ಶಾಲೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೇಕಾರರು ಓದಿಗೆ ಬೆನ್ನು ಹಾಕಿದವರು ಎಂಬ ಆರೋಪ ಇವತ್ತಿಗೂ ಕೇಳಿಬರುತ್ತದೆ. ಮದರಸಾಗಳನ್ನು ಕಟ್ಟಿ ನಡೆಸಿಕೊಂಡು ಬಂದ ಸಮುದಾಯದ ಮೇಲೆ ಇಂಥ ಆರೋಪ ಹೊರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ವೇಳೆಯ ಪ್ರಶ್ನೆಯೂ ಇದೆ. ನೇಕಾರರಿಗೆ ಕೂಲಿ ಸಿಗುವುದು ನೇಯ್ದ ಸೀರೆಯ ಲೆಕ್ಕದಲ್ಲಿ. ಬೆಳಗಿನ ಸಭೆಗೆ ಹೋದರೆ ಅಷ್ಟು ಹೊತ್ತಿನ ಗಳಿಕೆ ಹೋಯಿತು. ಮುಸ್ಲಿಂ ನೇಕಾರರ ಓಣಿಗಳಲ್ಲಿ ಮಗ್ಗ ನಿಲ್ಲುವುದು ಶುಕ್ರವಾರ. ಶಾಲೆಗೆ ರಜೆ ಭಾನುವಾರ. ದೋಣಿಯವರಿಗೆ ಸೂರ್ಯೋದಯವೂ ಸಂಜೆಯ ಆರತಿಯೂ ದುಡಿಮೆಯ ಹೊತ್ತು, ಅವರಿಗೆ ಬಿಡುವು ನಡುಮಧ್ಯಾಹ್ನ. ಹಾಗಾಗಿ ಶುಕ್ರವಾರ ಜುಮಾ ನಮಾಜಿನ ನಂತರದ ಒಂದು ಗಂಟೆ ಈ ಎರಡು ಸಮುದಾಯಗಳಿಗೂ ಒಗ್ಗಬಹುದು. ಇಷ್ಟು ಸರಳವಾದ ಬದಲಾವಣೆಗೆ ಹೊಸ ಕಾಯಿದೆ ಬೇಕಿಲ್ಲ.

ಇರುವ ಕಾಯಿದೆಯಾದರೂ ಬಲವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮಿನ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಮಿತಿಯಿಂದ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಜೌನ್‌ಪುರ ಜಿಲ್ಲೆಯಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಅಲ್ಲಿನ 280 ಹಳ್ಳಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವದು. ಆಗ ಇದ್ದ ಗ್ರಾಮ ಶಿಕ್ಷಣ ಸಮಿತಿಗಳ ಬಗ್ಗೆ ಬಹುಪಾಲು ಪಾಲಕರಿಗೆ ಗೊತ್ತೇ ಇರಲಿಲ್ಲ. ಕೆಲವು ಹಳ್ಳಿಗಳಲ್ಲಿ ಸಭೆ ನಡೆಸಿ ಸಮಿತಿಯ ಅಧಿಕಾರಗಳನ್ನು ತಿಳಿಸಿದರು. ಇನ್ನು ಕೆಲವು ಕಡೆ ಅದರ ಜೊತೆಗೆ ಮಕ್ಕಳ ಓದುವ ಮಟ್ಟವನ್ನು ಊರವರೇ ಅಳೆಯುವಂತೆ ಮಾಡಿದರು. ಎರಡರಿಂದಲೂ ಪಾಲಕರ ನಡೆಯಾಗಲಿ ಶಾಲೆಯ ನಡೆಯಾಗಲಿ ಬದಲಾಗಲಿಲ್ಲ. ಮೂರನೆಯ ಗುಂಪಿನ ಹಳ್ಳಿಗಳಲ್ಲಿ ಇವುಗಳ ಜೊತೆಗೆ ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸುಲಭ ವಿಧಾನವೊಂದನ್ನು ಹೇಳಿಕೊಟ್ಟರು. ಅವರು ಶಾಲೆಯ ಹೊರಗೆ ಶಿಬಿರ ನಡೆಸಿದರು. ಶಿಬಿರಕ್ಕೆ ಬಂದ ಮಕ್ಕಳು ಕೆಲವರೇ ಆದರೂ, ಬಂದವರ ಓದು ಸ್ಪಷ್ಟವಾಗಿ ಸುಧಾರಿಸಿತು. ಶಾಲೆಯ ಮೇಲೆ ಕಣ್ಣಿಡಿ ಎಂದಾಗ ಮುಂದೆ ಬಾರದ ಜನ, ಈ ಮಗುವಿಗೆ ಹೀಗೆ ಓದಿಸಿ ಎಂದಾಗ ಬಂದರು. ಈ ವ್ಯತ್ಯಾಸಕ್ಕೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ಕರ್ನಾಟಕದ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ, ಅಂದರೆ ಕೇಂದ್ರದ ಕಾಯಿದೆಗಿಂತ ಎಂಟು ವರ್ಷ ಮೊದಲೇ, ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದವು. ಕಟ್ಟಡ, ಬಿಸಿಯೂಟ, ಕುಡಿಯುವ ನೀರಿನ ವಿಷಯದಲ್ಲಿ ಅವು ದನಿಯೆತ್ತಿದ್ದುಂಟು. ಮಗು ಏನು ಕಲಿಯಿತು ಎಂಬ ಪ್ರಶ್ನೆ ಅಲ್ಲಿ ಬರುವುದು ಅಪರೂಪ. ಇದಕ್ಕಿಂತ ಭಿನ್ನವಾದದ್ದು ಕೋವಿಡ್ ಕಾಲದ ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತ ಈ ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ, ಸಮುದಾಯ ಭವನದಲ್ಲಿ ಪಾಠ ಮಾಡಿದರು. ಅದನ್ನು ಬರಿಯ ತುರ್ತು ಏರ್ಪಾಡೆಂದು ಮರೆತದ್ದು ನಷ್ಟವೇ ಸರಿ. ಮಗುವಿನ ಮನೆಯ ಹತ್ತಿರ ಕೂತು ಪಾಠ ಮಾಡುವ ಅಭ್ಯಾಸ ನೇಕಾರರ ಊರುಗಳಾದ ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಉಳಿದಿದ್ದರೆ, ಮೇಷ್ಟ್ರ ಕಣ್ಣಿಗೆ ಮಗ್ಗ ಬೀಳದೆ ಇರುತ್ತಿರಲಿಲ್ಲ.

ಮನೆಗೆ ಹೋದ ಶಿಕ್ಷಕರು ಅಲ್ಲಿ ಮಾಡಬೇಕಾದದ್ದೇನು? ಅಮೆರಿಕದ ಟಕ್ಸನ್ ನಗರದಲ್ಲಿ ಲೂಯಿಸ್ ಮಾಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಶಿಕ್ಷಕರು ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳಿಗೆ ಹೋದದ್ದು ದೂರು ಹೇಳಲಿಕ್ಕಲ್ಲ, ಕೇಳಿ ತಿಳಿಯಲಿಕ್ಕೆ. ವ್ಯಾಪಾರ, ಬೇಸಾಯ, ಮನೆಮದ್ದು, ಕಟ್ಟಡ ಕೆಲಸಗಳ ಬಗ್ಗೆ ಮನೆಯವರಿಗಿದ್ದ ತಿಳಿವಳಿಕೆಯನ್ನು ತಂದು ಪಾಠ ಕಟ್ಟಿದರು. ಶಿವಾಲದಲ್ಲಿ ಇದನ್ನು ಮಾಡಲು ನಕ್ಷೆಯ ಹಾಳೆ, ದೋಣಿಯವರಿಗೆ ಗೊತ್ತಿರುವ ಗಂಗೆಯ ಏರಿಳಿತ, ಮನೆಯಲ್ಲಿ ಆಡುವ ಬನಾರಸಿ ಭೋಜಪುರಿ ಇವೇ ಸಾಕು.

ತಾಯಂದಿರ ವಿಷಯದಲ್ಲಿ ಎಚ್ಚರ ಬೇಕು. ಬಿಹಾರ, ರಾಜಸ್ಥಾನಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮನೆಯಲ್ಲಿ ಮಕ್ಕಳ ಜೊತೆ ಮಾಡುವ ಚಟುವಟಿಕೆಗಳನ್ನು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮಕ್ಕಳ ಗಣಿತ ಸುಧಾರಿಸಿತ್ತು, ಆದರೆ ಅಲ್ಪಸ್ವಲ್ಪ. ಹಗಲೆಲ್ಲ ಕಂಡಿಕೆ ಸುತ್ತುವವಳ ಮೇಲೆ ಮಗುವಿನ ಹೋಂವರ್ಕನ್ನೂ ಹೊರಿಸಿ, ಆಗದಿದ್ದಾಗ ಅವಳಿಗೆ ಕಾಳಜಿ ಇಲ್ಲವೆನ್ನುವುದು ಸಲ್ಲದು. ಹತ್ತು ನಿಮಿಷ ಮಗು ಓದಿದ್ದನ್ನು ಕೇಳಿಸಿಕೊಳ್ಳುವುದು ಅವಳಿಂದಾಗುತ್ತದೆ. ಅದಕ್ಕೆ ಅಕ್ಷರ ಬಂದಿರಬೇಕೆಂದಿಲ್ಲ. ಅಕ್ಕನೋ ಚಿಕ್ಕಪ್ಪನೋ ಆ ಹೊಣೆ ಹೊರಬಹುದು. ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆ ಮುಚ್ಚಿದ್ದಾಗ ವಾರವಾರ ಪಾಲಕರಿಗೆ ಫೋನ್ ಮಾಡಿ, ಅವರ ಜೊತೆಯಲ್ಲೇ ಮಗುವಿಗೆ ಲೆಕ್ಕ ಹೇಳಿಕೊಟ್ಟ ಪ್ರಯೋಗವೂ ಮನೆಯವರಿಂದ ಇಂಥ ಚಿಕ್ಕ ಕೆಲಸ ಸಾಧ್ಯವೆಂದೇ ಸೂಚಿಸುತ್ತದೆ. ಬರೀ ಎಸ್ಸೆಮ್ಮೆಸ್ ಕಳಿಸಿದ ಕಡೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮಾತಾಡಿದ ಕಡೆ ಸಿಕ್ಕಿತು.

ಶಿಕ್ಷಕರಿಗೆ ಬಿಡುವೆಲ್ಲಿದೆ ಎಂಬ ಆಕ್ಷೇಪ ಸಾಚಾ ಆದದ್ದು. ಗಣತಿ, ಚುನಾವಣೆ ಎಂದು ಅವರನ್ನು ಎಳೆದಾಡುತ್ತಲೇ ಇರುತ್ತೇವೆ. ಆದರೆ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಶಿಕ್ಷಕರ ವಾರದ ಕೆಲಸವನ್ನು, ಪಾಠದ ತಯಾರಿಯೂ ಸೇರಿ, ಕನಿಷ್ಠ 45 ಗಂಟೆ ಎಂದು ಗೊತ್ತು ಮಾಡಿದೆ. ಮಗುವಿನ ಮನೆಯನ್ನು ಅರಿಯುವುದು ಪಾಠದ ತಯಾರಿಯೇ. ವಾರಕ್ಕೆ ಎರಡು ಗಂಟೆಯ ಮನೆಭೇಟಿಯನ್ನು ಈ 45ರೊಳಗೇ ಲೆಕ್ಕ ಹಿಡಿದು ಲಿಖಿತ ಆದೇಶ ಹೊರಡಿಸಲು ಉತ್ತರ ಪ್ರದೇಶಕ್ಕಾಗಲಿ ಕರ್ನಾಟಕಕ್ಕಾಗಲಿ ಕಾಯಿದೆಯ ಅಡ್ಡಿ ಇಲ್ಲ.