ಶ್ವಾಸಕೋಶ ಕ್ಯಾನ್ಸರಿನ ಆರಂಭಿಕ ಪತ್ತೆಯಲ್ಲಿ ಬ್ರಾಂಕೋಸ್ಕೋಪಿ: ಇತಿಹಾಸ

ಬ್ರಾಂಕೋಸ್ಕೋಪಿ ಎಂದರೆ ಮೂಗು ಅಥವಾ ಬಾಯಿಯ ಮೂಲಕ ಕೊಳವೆ ಇಳಿಸಿ ಶ್ವಾಸನಾಳದ ಒಳಗೋಡೆಯನ್ನು ಕಣ್ಣಾರೆ ನೋಡುವ ಪರೀಕ್ಷೆ. ಇದು ಹುಟ್ಟಿದ್ದು ಕ್ಯಾನ್ಸರ್ ಹುಡುಕಲು ಅಲ್ಲ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಅವರು ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಮೂಳೆಚೂರನ್ನು ಲೋಹದ ಕೊಳವೆ ಹಾಕಿ ತೆಗೆದರು. ಗಡುಸಾದ ಆ ಕೊಳವೆ ದೊಡ್ಡ ನಾಳಗಳಾಚೆ ಹೋಗುತ್ತಿರಲಿಲ್ಲ. 1960ರ ದಶಕದಲ್ಲಿ ಜಪಾನಿನ ಶಿಗೆಟೊ ಇಕೆಡಾ ಗಾಜಿನೆಳೆಗಳ ಬಾಗುವ ಉಪಕರಣ ರೂಪಿಸಿದ ಮೇಲೆ ಕವಲುನಾಳಗಳೂ ಕಣ್ಣಿಗೆ ಬಿದ್ದವು. 1980ರ ದಶಕದಲ್ಲಿ ವಿಡಿಯೊ ಬಂತು.

ಆದರೂ ಒಳಪೊರೆಯ ಕೆಲವೇ ಪದರಗಳಲ್ಲಿ ಅಡಗಿರುವ ಎಳೆಯ ಕ್ಯಾನ್ಸರ್ ಬಿಳಿ ಬೆಳಕಿಗೆ ಸುಲಭವಾಗಿ ಸಿಗುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಸ್ಟೀಫನ್ ಲ್ಯಾಮ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಳಕಿನ ಬಣ್ಣವನ್ನೇ ಬದಲಿಸಿದರು. ನೀಲಿ ಬೆಳಕು ಬಿದ್ದಾಗ ಆರೋಗ್ಯವಾದ ಗೋಡೆ ಹಸಿರಾಗಿ ಹೊಳೆಯುತ್ತದೆ. ಪದರ ದಪ್ಪಗಾಗಿ ರಕ್ತನಾಳ ಹೆಚ್ಚಿದ ಜಾಗದಲ್ಲಿ ಹಸಿರು ಮಾಸಿ ಕಂದುಗೆಂಪು ಮಚ್ಚೆ ಕಾಣುತ್ತದೆ. ತೊಡಕೆಂದರೆ, ಬರೀ ಉರಿಯೂತವೂ ಹಾಗೆಯೇ ಕಾಣಬಹುದು. ಹೀಗಾಗಿ ಮಚ್ಚೆ ಕಂಡಲ್ಲೆಲ್ಲ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕಾಯಿತು. ಅನಂತರ ಬಂದ ನ್ಯಾರೋ ಬ್ಯಾಂಡ್ ಇಮೇಜಿಂಗ್ 415 ಮತ್ತು 540 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನಷ್ಟೇ ಬಳಸುತ್ತದೆ. ಅದನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ ಸುರುಳಿಗಟ್ಟಿದ ಹೊಸ ರಕ್ತನಾಳಗಳು ಸ್ಪಷ್ಟವಾಗುತ್ತವೆ. ತುದಿಗೆ ಅಲ್ಟ್ರಾಸೌಂಡ್ ಅಳವಡಿಸಿದ ಉಪಕರಣ ಗೋಡೆಯಾಚೆಯ ಗ್ರಂಥಿಗಳನ್ನೂ ತೋರಿಸುತ್ತದೆ.

ಇವೆಲ್ಲ ಎದೆಯ ನಡುಭಾಗದ ನಾಳಗಳಿಗೆ ಹೇಳಿ ಮಾಡಿಸಿದ ತಂತ್ರಗಳು. ಅಂಚಿನಲ್ಲಿ ಬೆಳೆಯುವ ಗಂಟುಗಳಿಗೆ ಸಿಟಿ ಸ್ಕ್ಯಾನೇ ಬೇಕು. ಕಡಿಮೆ ವಿಕಿರಣದ ಸಿಟಿ ತಪಾಸಣೆಯಿಂದ ಹೆಚ್ಚು ಧೂಮಪಾನ ಮಾಡಿದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 20ರಷ್ಟು ತಗ್ಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2011ರಲ್ಲಿ ತೋರಿಸಿತು.

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಸರ್ಕಾರಿ ನೆಲೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಆರಂಭ 1973ರಲ್ಲಿ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡಂಬಳದಂಥ ಊರಿನವರಿಗೆ ಅದು ಬಹುದೂರ. ಅವರಿಗೆ ಮೊದಲು ಗದಗದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಆಮೇಲೆ ಹುಬ್ಬಳ್ಳಿ. ನಮ್ಮಲ್ಲಿ ಈ ಕ್ಯಾನ್ಸರಿನ ಪತ್ತೆ ತಡವಾಗಲು ಉಪಕರಣದ ಕೊರತೆಯೊಂದೇ ಕಾರಣವಲ್ಲ. ಬೀಡಿ ಸೇದುವವರ ಕೆಮ್ಮನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಮೊದಲು ಟಿಬಿ ಎಂದೇ ಊಹಿಸುವುದುಂಟು. ಕಫದಲ್ಲಿ ಟಿಬಿ ಸಿಗದಿದ್ದರೆ, ಅಥವಾ ಎರಡು ತಿಂಗಳು ಮಾತ್ರೆ ನುಂಗಿದರೂ ನೆರಳು ಕರಗದಿದ್ದರೆ, ಸಿಟಿ ಮತ್ತು ಬ್ರಾಂಕೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಬೇಕು.