ಕೊನೇ ನಲ್ಲಿಯ ಪಾಲು

ಹಂಪಿಗೆ ಹೋದವರೆಲ್ಲ ಮೆಟ್ಟಿಲುಗಳ ಪುಷ್ಕರಣಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ತಾರೆ. ಅಲ್ಲೇ ಪಕ್ಕದಲ್ಲಿ ಕಲ್ಲುಕಂಬಗಳ ಮೇಲೆ ಸಾಲಾಗಿ ಕೂತಿರುವ ಕಲ್ಲಿನ ದೋಣಿಗಳನ್ನು ನೋಡುವವರು ಕಮ್ಮಿ. ಅದು ರಾಜಧಾನಿಯ ನೀರಿನ ಲೈನು. ಅದರ ಜೊತೆಗೆ, ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳೂ ಅರಮನೆಯ ಆವರಣದಲ್ಲಿ ಸಿಕ್ಕಿವೆ. ಮೋಟರಿಲ್ಲ, ಕರೆಂಟಿಲ್ಲ. ಇಳಿಜಾರೊಂದೇ ಬಂಡವಾಳ.

ನಮ್ಮ ತಾರಸಿಯ ಟ್ಯಾಂಕಿನ ಬಂಡವಾಳವೂ ಅದೇ ಅಲ್ವಾ? ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಶವರ್‌ಗಿಂತ ಟ್ಯಾಂಕು ಬರೀ 3 ಮೀಟರ್ ಮೇಲಿದ್ದರೆ ಅದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಅಷ್ಟರಲ್ಲಿ ಅಡುಗೆಮನೆ ನಲ್ಲಿ ಬಿಟ್ಟರು, ವಾಷಿಂಗ್ ಮಷೀನ್ ಹಾಕಿದರು ಅನ್ನಿ. ಒಂದೇ ಪೈಪಿನಲ್ಲಿ ಎರಡರಷ್ಟು ನೀರು ಹರಿದರೆ ತಿಕ್ಕಾಟಕ್ಕೆ ಕಳೆದುಹೋಗುವ ಒತ್ತಡ ಎರಡರಷ್ಟಲ್ಲ, ಹೆಚ್ಚುಕಮ್ಮಿ ನಾಲ್ಕರಷ್ಟು. ಪೈಪಿನ ಅಗಲ ಅರ್ಧವಾದರಂತೂ ಅಷ್ಟೇ ನೀರಿಗೆ ನಷ್ಟ ಸುಮಾರು 32 ಪಟ್ಟು. ಟ್ಯಾಂಕಿನಲ್ಲಿ ನೀರು ತುಂಬಿಯೇ ಇರುತ್ತೆ, ಶವರ್ ಮಾತ್ರ ನೂಲಾಗುತ್ತೆ.

ವಿಜಯನಗರದವರು ಈ ಜಗಳವನ್ನು ಬೇರೆ ರೀತಿ ಬಗೆಹರಿಸಿದ್ದರು. ನದಿಯಿಂದ ಕಾಲುವೆ, ಕಾಲುವೆಯಿಂದ ಕೆರೆ, ಅಲ್ಲಿಂದ ದೋಣಿ ಮತ್ತು ಕೊಳವೆ, ಕೊನೆಗೆ ಕೊಳ. ಸಣ್ಣ ಹರಿವು ಹಗಲೂ ರಾತ್ರಿ ಬಂದು ಕೊಳ ತುಂಬಿದರಾಯ್ತು. ಆಮೇಲೆ ಹತ್ತು ಜನ ಒಟ್ಟಿಗೆ ಕೊಡ ಮುಳುಗಿಸಿದರೂ ಹಿಂದಿನ ಕಾಲುವೆಗೆ ಅದರ ಸುದ್ದಿಯೇ ಮುಟ್ಟಲ್ಲ. ಬಳಸುವ ಜಾಗದ ಹತ್ತಿರವೇ ಸಂಗ್ರಹ ಇರಬೇಕು, ಅಷ್ಟೇ ಮರ್ಮ.

ಈ ಏರ್ಪಾಡು ಪುಕ್ಕಟೆ ಬಂದಿದ್ದಲ್ಲ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ನೋಡಿದ. ಅದನ್ನು ಹೊಸಪೇಟೆ ಪಕ್ಕದ ರಾಯರ ಕೆರೆ ಅಂತ ಗುರುತಿಸುತ್ತಾರೆ. ಅಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದರು, ಏರಿ ಎರಡು ಮೂರು ಸಲ ಒಡೆಯಿತು, ಆಗ 60 ಜನರ ತಲೆ ಕಡಿಸಿದರು ಎಂದು ಅವನು ಬರೆದಿದ್ದಾನೆ. ನೀರಿನ ಚರಿತ್ರೆಯಲ್ಲಿ ಇಂಜಿನಿಯರಿಂಗ್ ಎಷ್ಟಿದೆಯೋ ಅಧಿಕಾರವೂ ಅಷ್ಟೇ ಇದೆ.

ಆ ಕಾಲದ ತುರ್ತಾ, ರಾಮಸಾಗರ, ಕಂಪ್ಲಿ ಕಾಲುವೆಗಳು ಇವತ್ತಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರು ಕೊಡುತ್ತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಲೆಕ್ಕವೇ ಬೇರೆಯಾಯಿತು. ಹೊಸ ಯೋಜನೆಯ ಗುರಿ ಬರಗಾಲದ ನಾಡಿಗೆ ಸ್ವಲ್ಪ ಸ್ವಲ್ಪ ನೀರನ್ನು ದೂರದೂರ ಹಂಚುವುದು. ಅದಕ್ಕೇ ಬಹುಪಾಲು ಜಮೀನಿಗೆ ಕಮ್ಮಿ ನೀರಿನ ಬೆಳೆ ಅಂತ ನಿಗದಿಯಾಯಿತು. ಆದರೆ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ, ಗಂಗಾವತಿ ಕಡೆ, ಭತ್ತ ಬಂತು. ಒಂದು ಎಕರೆ ಭತ್ತ ಹಲವು ಎಕರೆ ಜೋಳದ ನೀರು ಕುಡಿಯುತ್ತೆ. ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರು ಬಂದಿಲ್ಲ ಅಂತ ರಸ್ತೆಗಿಳಿಯುವುದು ಆ ಕಡೆಯ ಹಳೇ ಸುದ್ದಿ. ಜಲಾಶಯದ್ದೂ ಕೈ ಬಿಗಿಯೇ: ಮೊದಲಿದ್ದ 133 ಟಿಎಂಸಿ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ.

ಕಾಲುವೆಯಲ್ಲಿ ಒತ್ತಡದ ಪ್ರಶ್ನೆಯಿಲ್ಲ, ತಿಕ್ಕಾಟದ ಸೂತ್ರವೂ ಬೇರೆ. ಪರಿಣಾಮ ಮಾತ್ರ ಒಂದೇ: ಎಲ್ಲರೂ ಒಟ್ಟಿಗೆ ತೆರೆದಾಗ ಮೊದಲು ಸೋಲುವವನು ತುದಿಯಲ್ಲಿರುವವನು. ನಗರದಲ್ಲಿ ಅವನು ಬೀದಿಯ ಕೊನೇ ಮನೆಯವನು. ಲೈನಿಗೆ ನೇರವಾಗಿ ಮೋಟರ್ ಹಚ್ಚಿದವರಿಗೆ ನೀರು ರಭಸವಾಗಿ ಬರುತ್ತೆ ನಿಜ, ಆದರೆ ಮೋಟರ್ ನೀರನ್ನು ಹುಟ್ಟಿಸಲ್ಲ, ಪಕ್ಕದವರ ಪಾಲನ್ನು ಎಳೆಯುತ್ತೆ.

ಮನೆಯೊಳಗಿನ ಸಮಸ್ಯೆಗೆ ದಪ್ಪ ಪೈಪು, ಬಚ್ಚಲಿಗೆ ಬೇರೆ ಲೈನು ಸಾಕು. ಬೀದಿಗೆ ಮತ್ತು ಕಾಲುವೆಗೆ ಸರದಿಯೇ ಬೇಕು. ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿಗೂ ಕೂತು ಯಾವ ಕಾಲುವೆಗೆ ಯಾವ ದಿನದಿಂದ ಎಷ್ಟು ನೀರು ಅಂತ ತೀರ್ಮಾನ ಮಾಡುವುದು ಇದಕ್ಕೇ. ಆ ಸರದಿ ಉಳಿಯಿತೋ ಇಲ್ಲವೋ ಅನ್ನುವುದನ್ನು ಅಣೆಕಟ್ಟಿನ ಮೇಲೆ ನಿಂತು ಹೇಳಕ್ಕಾಗಲ್ಲ. ಮಾನ್ವಿಯ ಕೊನೇ ತೂಬಿನ ಹತ್ತಿರ ಹೋಗಿ ನೋಡಬೇಕು.