ರೋಗಪರೀಕ್ಷೆಯ ವೆಚ್ಚ ಮತ್ತು ಕಾಯುವ ಕಾಲ: ಶಿಗ್ಗಾಂವ–ಹಾನಗಲ್ಲ ಸೀಮೆಯ ಮಲೇರಿಯಾದ ನಿದರ್ಶನ

ರೋಗಿಯ ಮಂಚದ ಬಳಿಯಲ್ಲಿಯೇ ನಡೆಸುವ ಪರೀಕ್ಷೆ ಲಾಭದಾಯಕವೋ, ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸಿ ಫಲಿತಾಂಶಕ್ಕಾಗಿ ಕಾಯುವುದು ಲಾಭದಾಯಕವೋ ಎಂಬುದು ಆಸ್ಪತ್ರೆಗಳ ಆಡಳಿತದಲ್ಲಿ ಮರಳಿ ಮರಳಿ ಏಳುವ ಪ್ರಶ್ನೆ. ಬಿಡಿ ಪರೀಕ್ಷೆಯ ಬೆಲೆಯನ್ನಷ್ಟೇ ಹಿಡಿದರೆ ಉತ್ತರ ಸುಲಭ. ನೂರಾರು ಮಾದರಿಗಳನ್ನು ಒಂದೆಡೆ ಪರೀಕ್ಷಿಸಿದಾಗ ಒಂದೊಂದಕ್ಕೆ ತಗಲುವ ಖರ್ಚು ಕಡಿಮೆ. ಒಬ್ಬೊಬ್ಬನಿಗೆ ಒಂದೊಂದು ಕಿಟ್ ಬಳಸಿ ಎಸೆಯುವಲ್ಲಿ ಹೆಚ್ಚು. ಈ ಲೆಕ್ಕ ಅಪೂರ್ಣವೆಂದು ನಮ್ಮ ಅಭಿಪ್ರಾಯ. ಶಿಗ್ಗಾಂವ, ಹಾನಗಲ್ಲ ತಾಲೂಕುಗಳನ್ನೊಳಗೊಂಡ ಸೀಮೆಯ ಮಲೇರಿಯಾದ ಇತಿಹಾಸದಿಂದ ಇದು ಸ್ಪಷ್ಟವಾಗುತ್ತದೆ.

1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಈ ತಾಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾನಗಲ್ಲಿನ ಪಡುವಣ ಭಾಗವಂತೂ ಮಲೆನಾಡಿನ ಸೆರಗು. ಕೆರೆಗಳೂ ಬತ್ತದ ಗದ್ದೆಗಳೂ ಅಲ್ಲಿ ಹೇರಳ. 1946ರ ಸುಮಾರಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ಇಲಾಖೆಯು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸತೊಡಗಿತು. ಅದರ ಯಶಸ್ಸು 1953ರ ರಾಷ್ಟ್ರೀಯ ನಿಯಂತ್ರಣ ಯೋಜನೆಗೆ ಬಲ ಕೊಟ್ಟಿತು. 1958ರಲ್ಲಿ ನಿಯಂತ್ರಣದ ಗುರಿ ನಿರ್ಮೂಲನದ ಗುರಿಯಾಯಿತು. ನಿರ್ಮೂಲನವೆಂದ ಮೇಲೆ ಉಳಿದ ಒಬ್ಬೊಬ್ಬ ರೋಗಿಯನ್ನೂ ಹುಡುಕಬೇಕಷ್ಟೆ. ಅದಕ್ಕಾಗಿ ನೌಕರರು ಹದಿನೈದು ದಿನಗಳಿಗೊಮ್ಮೆ ಮನೆಮನೆಗೆ ಹೋಗಿ, ಜ್ವರಪೀಡಿತರ ಬೆರಳಿನಿಂದ ರಕ್ತ ತೆಗೆದು, ಗಾಜಿನ ಸ್ಲೈಡಿನ ಮೇಲೆ ಲೇಪಿಸಿ ಪ್ರಯೋಗಶಾಲೆಗೆ ಕಳುಹಿಸುವ ಏರ್ಪಾಡಾಯಿತು.

ಈ ಪರೀಕ್ಷೆಯ ಸಾಮಗ್ರಿ ಅಗ್ಗವಾದುದು. ಲೇಪಕ್ಕೆ ಹಾಕುವ ಬಣ್ಣವನ್ನು ಕೂಡ ಜಸವಂತಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ವಿಜ್ಞಾನಿಗಳು 1944ರಲ್ಲಿ ನಮ್ಮ ದೇಶದಲ್ಲಿಯೇ ಸಿದ್ಧಗೊಳಿಸಿದ್ದರು. ದುಬಾರಿಯಾದುದು ಪಳಗಿದ ಕಣ್ಣು. ಸೂಕ್ಷ್ಮದರ್ಶಕದ ಮುಂದೆ ಕುಳಿತವನು ದಿನಕ್ಕೆ ನೋಡಬಲ್ಲ ಸ್ಲೈಡುಗಳಿಗೆ ಮಿತಿಯುಂಟು. ಅವು ರಾಶಿ ಬಿದ್ದಾಗ ಫಲಿತಾಂಶ ತಡವಾಗುವುದು ಅನಿವಾರ್ಯ. ಆದುದರಿಂದ ರಕ್ತ ತೆಗೆದ ಕ್ಷಣದಲ್ಲಿಯೇ, ಮಲೇರಿಯಾ ಇರಬಹುದೆಂಬ ಊಹೆಯ ಮೇಲೆ, ಒಂದು ಸರದಿ ಕ್ಲೋರೊಕ್ವಿನ್ ಗುಳಿಗೆ ಕೊಡುವ ಪದ್ಧತಿ ಬಂದಿತು. ರೋಗ ಖಚಿತವಾದ ಮೇಲೆ ಪೂರ್ಣ ಚಿಕಿತ್ಸೆ. ನಮ್ಮ ದೃಷ್ಟಿಯಲ್ಲಿ ಇದು ವೈದ್ಯಕೀಯ ನಿರ್ಣಯವಾಗಿದ್ದಷ್ಟೇ ಆರ್ಥಿಕ ನಿರ್ಣಯವೂ ಆಗಿತ್ತು: ಕಾಯುವುದಕ್ಕಿಂತ ಗುಳಿಗೆ ಅಗ್ಗವಾಗಿತ್ತು. ಜ್ವರದ ನಿಜವಾದ ಕಾರಣ ಬೇರೆಯಿದ್ದವನೂ ಅದನ್ನೇ ನುಂಗಿದನೆಂಬ ನಷ್ಟ ಯಾವ ಖಾತೆಗೂ ಸೇರಲಿಲ್ಲ.

ಅಗ್ಗದ ಗುಳಿಗೆಯ ಕಾಲ ಉಳಿಯಲಿಲ್ಲ. ಕ್ಲೋರೊಕ್ವಿನ್‌ಗೆ ಮಣಿಯದ ಫಾಲ್ಸಿಪಾರಂ ಮಲೇರಿಯಾ 1973ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿತು. 1976ರಲ್ಲಿ ದೇಶದಲ್ಲಿ ಸುಮಾರು 64 ಲಕ್ಷ ಪ್ರಕರಣಗಳು ದಾಖಲಾದವು. ಮುಂದೆ ಬಂದ ಆರ್ಟೆಮಿಸಿನಿನ್ ಸಂಯುಕ್ತ ಔಷಧಿಗಳು ಹೆಚ್ಚು ಬೆಲೆಯವು, ಊಹೆಯ ಮೇಲೆ ಹಂಚತಕ್ಕವಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪರೀಕ್ಷೆ ಮೊದಲು, ಔಷಧಿ ಅನಂತರ ಎಂಬ ನಿಯಮವನ್ನು ಎತ್ತಿಹಿಡಿಯಿತು. ಒಂದು ಹನಿ ರಕ್ತದಿಂದ ಕಾಲು ಗಂಟೆ, ಇಪ್ಪತ್ತು ನಿಮಿಷಗಳಲ್ಲಿ ಉತ್ತರ ಕೊಡುವ ಕಿಟ್ ಆಗ ದುಬಾರಿಯಾಗಿ ಕಾಣದಾಯಿತು. ಕಿಟ್ಟಿನ ಬೆಲೆಯನ್ನು ತೂಗುವ ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿದ್ದ ವಸ್ತುವೇ ಬದಲಾಗಿತ್ತು.

ಹಾಗೆಂದು ಕಿಟ್ ಬಂದೊಡನೆ ಪ್ರಯೋಗಶಾಲೆಯ ಖರ್ಚು ಇಳಿಯುವುದೆಂದು ಭಾವಿಸಬಾರದು. ರೋಗಿ ಗುಣವಾದ ಮೇಲೂ ಫಾಲ್ಸಿಪಾರಂನ ಪ್ರೋಟೀನು ಕೆಲವು ವಾರ ರಕ್ತದಲ್ಲಿ ಉಳಿದು, ಕಿಟ್ಟಿನ ಗೆರೆ ಮೂಡಬಹುದು. ಚಿಕಿತ್ಸೆಯ ಫಲ ತಿಳಿಯಲು ಸೂಕ್ಷ್ಮದರ್ಶಕವೇ ಬೇಕು. ಅದನ್ನು ನೋಡುವವನ ಸಂಬಳ ಹಾಗೆಯೇ ಉಳಿದು ಸ್ಲೈಡುಗಳು ಕಡಿಮೆಯಾದರೆ ಸ್ಲೈಡೊಂದರ ಖರ್ಚು ಏರುತ್ತದೆ. ಇತ್ತ ಕಿಟ್ಟುಗಳು ಉಗ್ರಾಣದಲ್ಲಿ ಅವಧಿ ಮೀರಿದರೆ ಕೊಂಡ ಹಣವೆಲ್ಲ ವ್ಯರ್ಥ. ಹೆಚ್ಚಿನ ಸೆಕೆಯೂ ಅವುಗಳಿಗೆ ಒಗ್ಗದು. ಸಕ್ಕರೆಯ ಪರೀಕ್ಷಾಪಟ್ಟಿಗಳಿಗೂ ಇದೇ ಪಾಡು.

ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ತೊಡಕು ಇನ್ನೂ ಒಂದಿದೆ. ಖರ್ಚು ಬೀಳುವುದು ಉಗ್ರಾಣದ ಮೇಲೆ. ಉಳಿತಾಯವಾಗುವುದಾದರೋ ಬಿತ್ತನೆಯ ದಿನ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ತೆತ್ತು ಬಂದವನಿಗೆ. ಎರಡನೆಯ ಸಲ ಬರುವುದು ಅವನಿಗೆ ತಪ್ಪುತ್ತದೆ. ಉಗ್ರಾಣದ ಪುಸ್ತಕವನ್ನು ಮಾತ್ರ ನೋಡುವ ಅಧಿಕಾರಿಗೆ ಇದು ನಷ್ಟವೆಂದೇ ತೋರಿದರೆ ಆಶ್ಚರ್ಯವಿಲ್ಲ. 2019ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೊರತಂದ ಅಗತ್ಯ ಪರೀಕ್ಷೆಗಳ ಯಾದಿಯು ಮಲೇರಿಯಾದ ಕಿಟ್ಟನ್ನು ಹಳ್ಳಿಯ ಮಟ್ಟದಲ್ಲಿಯೇ ಇರಿಸಿದೆ.